ಅಂಗವೈಕಲ್ಯ ಇರುವ ಮನೆಯಲ್ಲಿ ಹಿಂಸೆ ತಡೆಯುವ ಕೆಲಸ: ನನ್ನ ಅನುಭವ

ಪುನರ್ವಸತಿ ಕಾರ್ಯಕರ್ತರಾಗಿ ಮನೆಭೇಟಿಗೆ ಹೋದಾಗ ಹಿಂಸೆ ಕಣ್ತಪ್ಪುವುದಕ್ಕೆ ಮುಖ್ಯ ಕಾರಣ, ನಾವು ಕೇಳಿದ್ದಕ್ಕೆಲ್ಲ ಆರೈಕೆ ಮಾಡುವವರೇ ಉತ್ತರ ಕೊಡುವುದು. ಮಾತು ಬಾರದ ಸೊಸೆಯ ಪರವಾಗಿ ಅತ್ತೆ, ಹಾಸಿಗೆ ಹಿಡಿದ ಹೆಂಡತಿಯ ಪರವಾಗಿ ಗಂಡ. ಹಾಗಾಗಿ ನನ್ನ ಮೊದಲ ಕೆಲಸ, ಹತ್ತು ನಿಮಿಷವಾದರೂ ಅಂಗವೈಕಲ್ಯ ಇರುವವರೊಬ್ಬರ ಜೊತೆಯೇ ಇರುವುದು. 'ಗುಟ್ಟಾಗಿ ಮಾತಾಡಬೇಕು' ಅಂದರೆ ಮನೆಯವರು ಬಾಗಿಲಲ್ಲೇ ನಿಲ್ಲುತ್ತಾರೆ. 'ವ್ಯಾಯಾಮ ತೋರಿಸಬೇಕು, ಬಟ್ಟೆ ಸಡಿಲಿಸಬೇಕಾಗುತ್ತೆ' ಅಂದರೆ ಹೊರಗೆ ಹೋಗುತ್ತಾರೆ. ಇದಕ್ಕೆ ಮಹಿಳಾ ಕಾರ್ಯಕರ್ತೆಯೇ ಬೇಕು. ಗಂಡಸರಾದರೆ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಬೇಕು.

'ಹೊಡೀತಾರಾ?' ಎಂದು ಕೇಳಿದರೆ 'ಇಲ್ಲಮ್ಮ' ಅನ್ನುವ ಉತ್ತರವೇ ಬರುತ್ತದೆ. ನಾನು ಕೇಳುವುದು ದಿನಚರಿಯ ಪ್ರಶ್ನೆ: ನಿನ್ನೆ ರಾತ್ರಿ ಬಚ್ಚಲಿಗೆ ಹೋಗಬೇಕು ಅಂದಾಗ ಏನಾಯ್ತು? ಎಟಿಎಂ ಕಾರ್ಡ್ ಯಾರ ಹತ್ರ ಇದೆ? ಫೋನ್ ಚಾರ್ಜಿಗೆ ಎಲ್ಲಿಡ್ತಾರೆ? ಗಾಲಿಕುರ್ಚಿಯನ್ನು ಕೈಗೆ ಸಿಗದ ಹಾಗೆ ಪಡಸಾಲೆಯ ಆಚೆ ನಿಲ್ಲಿಸಿರುವುದು, ಶ್ರವಣಯಂತ್ರಕ್ಕೆ ತಿಂಗಳುಗಟ್ಟಲೆ ಸೆಲ್ ಹಾಕದಿರುವುದು, ಬಚ್ಚಲಿಗೆ ಕರೆದೊಯ್ಯಿರಿ ಅನ್ನಲು ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿರುವುದು, ಇವು ಏಟಿಗಿಂತ ಮೊದಲು ಕಾಣುವ ಗುರುತು. ಇವುಗಳ ಹಿಂದೆ ಅಪರಾಧವೂ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 92ನೇ ಕಲಮಿನಡಿ, ಸಾಧನ ಬಳಸದಂತೆ ಬೇಕೆಂದೇ ತಡೆಯುವುದಕ್ಕೂ, ನೋಡಿಕೊಳ್ಳುವ ಹೊಣೆ ಹೊತ್ತು ಗೊತ್ತಿದ್ದೂ ಅನ್ನ ನೀರು ಕೊಡದಿರುವುದಕ್ಕೂ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ ಇದೆ. ಬಹಳಷ್ಟು ಠಾಣೆಗಳಲ್ಲಿ ಇದು ಗೊತ್ತಿಲ್ಲ. ಕಲಮಿನ ಜೆರಾಕ್ಸ್ ಚೀಲದಲ್ಲಿರಲಿ.

ಶಾಲೆಗೆ ಹೋಗದ ಕಿವುಡರ ವಿಷಯ ಬೇರೆ. ಅವರದು ಮನೆಯಲ್ಲೇ ಬೆಳೆದ ಸನ್ನೆ. ಜಿಲ್ಲಾ ಕೇಂದ್ರದಿಂದ ಬಂದ ಸಂಕೇತ ಭಾಷೆಯ ದುಭಾಷಿಗೆ ಅದು ತಿಳಿಯುವುದಿಲ್ಲ. ಆ ಸನ್ನೆ ಬಲ್ಲ, ಆದರೆ ಮನೆಯ ಜಗಳಕ್ಕೆ ಸೇರದ ಗೆಳತಿಯೋ ನೆರೆಯವರೋ ನಡುವೆ ಕೂರಬೇಕು. ಮನೆಮಂದಿಯ ಫೋಟೊ, ಕೈ, ಕೋಲು, ಹಾಸಿಗೆ, ತಟ್ಟೆ, ದುಡ್ಡಿನ ಚಿತ್ರ ಇಟ್ಟುಕೊಂಡರೆ ತುಂಬ ಕೆಲಸ ಹಗುರ. ಚಿತ್ರವನ್ನು ಅವರೇ ಮುಟ್ಟಲಿ, ನಾವೇ ತೋರಿಸಿ ಅವರು ಬರೀ ತಲೆಯಾಡಿಸಿದರೆ ಆ ಹೇಳಿಕೆ ಮುಂದೆ ನಿಲ್ಲುವುದಿಲ್ಲ.

ವಿಕಲಚೇತನ ಮಗುವಿನ ತಾಯಿಗೆ ಬೀಳುವ ಏಟನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. 'ನಿನ್ನ ಹೊಟ್ಟೇಲಿ ಹುಟ್ಟಿದ್ದಕ್ಕೇ ಹಿಂಗೆ' ಎಂಬ ಮಾತಿನಿಂದ ಅದು ಶುರುವಾಗುತ್ತದೆ. ತಡೆಯುವ ಕಾಲ ಎಂದರೆ ಮಗುವಿನ ತೊಂದರೆ ಗೊತ್ತಾದ ಮೊದಲ ಕೆಲವು ವಾರ. ಡಾಕ್ಟರ ಹತ್ತಿರ ತಾಯಿಯೊಬ್ಬಳನ್ನೇ ಕಳಿಸದೆ ಗಂಡನನ್ನೂ ಅತ್ತೆಯನ್ನೂ ಕೂರಿಸಿ ಕಾರಣ ಹೇಳಿಸಬೇಕು. ಹೆರಿಗೆಯಲ್ಲಿ ಆಮ್ಲಜನಕ ಸಿಗದೆ ಆಗಿದ್ದರೆ ಹಾಗೆಂದೇ ಹೇಳಲಿ. ಸೋದರಮಾವನ ಜೊತೆ ಮದುವೆಯಾದ ಮನೆಗಳಲ್ಲಿ ಕೆಲವು ಕಾಯಿಲೆಗಳಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಜೀನ್ ಬರಬೇಕು ಎಂಬುದನ್ನು ಡಾಕ್ಟರ ಬಾಯಿಂದಲೇ ಕೇಳಿಸಬೇಕು. ನಾವು ಹೇಳಿದರೆ ಸೊಸೆಯ ಪಕ್ಷ ಎನ್ನುತ್ತಾರೆ.

ಎಲ್ಲ ಹಿಂಸೆಯೂ ದ್ವೇಷದ್ದಲ್ಲ. ಬೆನ್ನುಹುರಿಗೆ ಪೆಟ್ಟಾದವರನ್ನು ಹಾಸಿಗೆ ಹುಣ್ಣಾಗದಂತೆ 2 ಗಂಟೆಗೊಮ್ಮೆ ಹೊರಳಿಸಬೇಕು. ಒಬ್ಬರೇ ಮಾಡಿದರೆ ನಿದ್ದೆಯೇ ಇರುವುದಿಲ್ಲ. ಅಂಥಲ್ಲಿ ರಾತ್ರಿಯನ್ನು ಇಬ್ಬರಿಗೆ ಹಂಚಿ, ಸರದಿಯನ್ನು ಗೋಡೆಗೆ ಬರೆದು ಅಂಟಿಸುತ್ತೇನೆ. ಆರೈಕೆದಾರರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ ನಂಬರ್ 14416 ಕೊಡುತ್ತೇನೆ. ಆದರೆ ದಣಿವು ನೆಪವಾಗಬಾರದು: ಹೊರಗಿನವರ ಮುಂದೆ ತಾಳ್ಮೆಯಿಂದಿದ್ದು ಒಳಗೆ ಮಾತ್ರ ಕೈಯೆತ್ತುವವನಿಗೆ ಬೇಕಿರುವುದು ವಿಶ್ರಾಂತಿಯಲ್ಲ, ಕಾನೂನು.

ಕಾನೂನಿಗೆ ಹೋದಾಗ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಅಂದರೆ ಹಿಂಸೆಗೆ ಒಳಗಾದ ಹೆಂಗಸಿಗೆ ಕಾನೂನಿನ ನೆರವು ಕೊಡಿಸುವವರು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕೌಟುಂಬಿಕ ಘಟನಾ ವರದಿ ನಮೂನೆ 1ರಲ್ಲಿ, ಸುರಕ್ಷತಾ ಯೋಜನೆ ನಮೂನೆ 5ರಲ್ಲಿ. ವರದಿಯಲ್ಲಿ ಅಂಗವೈಕಲ್ಯದ ವಿಧ, ಯಾವ ಕೆಲಸಕ್ಕೆ ಯಾರ ನೆರವು ಬೇಕು ಎಂಬುದನ್ನು ಬಿಡಿಸಿ ಬರೆಸಿ. 'ಆಶ್ರಯಕ್ಕೆ ಕಳಿಸೋಣ' ಎಂಬ ಸಲಹೆಗೆ ಬೇಗ ಒಪ್ಪಬೇಡಿ. ರ‍್ಯಾಂಪು, ಹಿಡಿಕೆ ಹಾಕಿಸಿದ ಬಚ್ಚಲು ಇರುವುದು ಅವರ ಮನೆಯಲ್ಲೇ. ಇದೇ 2005ರ ಕಾಯ್ದೆಯ 19ನೇ ಕಲಮಿನಡಿ ಗಂಡನನ್ನೇ ಮನೆಯಿಂದ ಹೊರಗಿರಿಸುವ ಆದೇಶ ಕೇಳಬಹುದು. ಅತ್ತೆಯಂಥ ಹೆಂಗಸರ ವಿರುದ್ಧ ಆ ಆದೇಶ ಸಿಗದು. ವಿಕಲಚೇತನ ಗಂಡಸಿಗೆ ಈ ಕಾಯ್ದೆ ಅನ್ವಯಿಸದು, 2016ರ ಕಾಯ್ದೆಯ 7ನೇ ಕಲಮಿನಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಾಲ್ಲೂಕಿನಲ್ಲಿ ತಹಸೀಲ್ದಾರರಿಗೆ ದೂರು ಕೊಡಬೇಕು.

ಮನೆ ಬಿಡಲೇಬೇಕಾದರೆ ಒಂದು ಚೀಲ ಮೊದಲೇ ಅಂಗನವಾಡಿ ಟೀಚರ್ ಹತ್ತಿರವೋ ತಂಗಿ ಮನೆಯಲ್ಲೋ ಇರಲಿ: ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಪ್ರತಿ, ಪಾಸ್‌ಬುಕ್, ಡಾಕ್ಟರ ಚೀಟಿ, ಒಂದು ವಾರದ ಮಾತ್ರೆ, ಕ್ಯಾತಿಟರ್ (ಮೂತ್ರದ ನಳಿಕೆ), ಡೈಪರ್, ಶ್ರವಣಯಂತ್ರದ ಸೆಲ್. ಫಿಟ್ಸ್ ಮಾತ್ರೆ ದಿಢೀರನೆ ನಿಂತರೆ ಜೀವಕ್ಕೇ ಅಪಾಯ, ಅದನ್ನು ಎರಡು ಕಡೆ ಇಡಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಹಿಂಸೆಗೆ ಒಳಗಾದ ಹೆಂಗಸರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ತಂಗಲು ಅವಕಾಶ 5 ದಿನ ಮಾತ್ರ, ಮುಂದಿನ ಜಾಗ ಅಷ್ಟರೊಳಗೆ ಹುಡುಕಬೇಕು. ಗಾಡಿ ಹತ್ತಿಸುವ ಮೊದಲು ಆ ಜಾಗಕ್ಕೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಬಾಗಿಲು 32 ಇಂಚಾದರೂ ಅಗಲ ಇದೆಯೇ, ಕಮೋಡ್ ಇದೆಯೇ, ಜೊತೆಗೊಬ್ಬರನ್ನು ಬಿಡುತ್ತಾರೆಯೇ. ಮೂರನೆಯದಕ್ಕೆ ಸಾಮಾನ್ಯವಾಗಿ 'ಇಲ್ಲ' ಅನ್ನುತ್ತಾರೆ. ಆಗಲೇ ಸಿಡಿಪಿಒಗೆ ಹೇಳಿ, ಅವರಿಂದ ಅನುಮತಿ ಕೇಳಿಸಿ.