ಡಾಫ್ನಿಯಾ ಎಣಿಕೆಯಿಂದ ವಿಷತ್ವ ಅಳೆಯಲು ಗಟ್ಸ್ ಮಾದರಿ

ಒಂದೇ ರಾಸಾಯನಿಕದ ಎಲ್‌ಸಿ50 ಮೌಲ್ಯ (ಅರ್ಧದಷ್ಟು ಜೀವಿಗಳನ್ನು ಕೊಲ್ಲುವ ಸಾಂದ್ರತೆ) 24 ಗಂಟೆಗೆ ಒಂದಿದ್ದರೆ 48 ಗಂಟೆಗೆ ಇನ್ನೊಂದು. ವಿಷಕ್ಕೊಡ್ಡಿದ ಜೀವಿಗಳ ಉಳಿವನ್ನು ಅಂದಾಜಿಸುವ ಗಣಿತದ ಗಟ್ಸ್ ಮಾದರಿ ಕಾಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದಕ್ಕಾಗಿಯೇ ಕೊನೆಯ ಎಣಿಕೆಯೊಂದೇ ಸಾಲದು.

ಹುಟ್ಟಿ 24 ಗಂಟೆ ದಾಟದ ಡಾಫ್ನಿಯಾ ಮ್ಯಾಗ್ನಾ (ನೀರಿನ ಚಿಗಟವೆಂಬ ಸಿಹಿನೀರಿನ ಪುಟ್ಟ ಜೀವಿ) ಮರಿಗಳನ್ನು ಆರಿಸಿ. ಕನಿಷ್ಠ ಐದು ಸಾಂದ್ರತೆಗಳಿರಲಿ. ಪ್ರತಿಯೊಂದಕ್ಕೂ, ವಿಷವಿಲ್ಲದ ಹೋಲಿಕೆಯ ಗುಂಪಿಗೂ 20 ಮರಿ, ಬೀಕರಿಗೆ ಐದರಂತೆ. ಮರಿಯೊಂದಕ್ಕೆ 2 ಮಿಲಿಲೀಟರ್‌ಗಿಂತ ಕಡಿಮೆ ದ್ರಾವಣ ಬೇಡ. ಉಷ್ಣಾಂಶ 18–22 ಡಿಗ್ರಿ ಸೆಲ್ಸಿಯಸ್. 48 ಗಂಟೆ ಆಹಾರ ಕೊಡಬೇಡಿ. 6, 12, 24, 36, 48ನೇ ಗಂಟೆಗೆ ಎಣಿಸಿ. ಬೀಕರನ್ನು ಮೆಲ್ಲಗೆ ಅಲುಗಿಸಿದ ಮೇಲೆ 15 ಸೆಕೆಂಡಿನಲ್ಲಿ ಈಜದ ಮರಿಯನ್ನು ನಿಶ್ಚಲ ಎಂದು ಬರೆಯಿರಿ; ಮಾದರಿಯ ಲೆಕ್ಕದಲ್ಲಿ ಅದು ಸತ್ತಂತೆ. ಹೋಲಿಕೆಯ ಗುಂಪಿನಲ್ಲಿ ಶೇ 10ಕ್ಕಿಂತ ಹೆಚ್ಚು ನಿಶ್ಚಲವಾದರೆ ಪ್ರಯೋಗವನ್ನೇ ಕೈಬಿಡಿ.

ದ್ರಾವಣದ ಸಾಂದ್ರತೆಯನ್ನು ಆರಂಭದಲ್ಲೂ ಕೊನೆಯಲ್ಲೂ ಅಳೆಯಲೇಬೇಕು. ಗಾಜಿಗೆ ಅಂಟಿಯೋ ಆವಿಯಾಗಿಯೋ ರಾಸಾಯನಿಕ ಇಳಿದಿದ್ದರೆ, ಹಾಕಿದ ಪ್ರಮಾಣವನ್ನೇ ನಂಬಿದ ಲೆಕ್ಕ ಅದನ್ನು ಇರುವುದಕ್ಕಿಂತ ಸೌಮ್ಯವೆಂದು ತೋರಿಸುತ್ತದೆ.

ಸರಳ ಗಟ್ಸ್‌ನ ಒಂದು ರೂಪದಲ್ಲಿ ಹೊಂದಿಸಬೇಕಾದ ಮೌಲ್ಯಗಳು ನಾಲ್ಕು: ಹಾನಿ ಏರಿಳಿಯುವ ದರ, ಹಾನಿಯ ಹೊಸ್ತಿಲು, ಹೊಸ್ತಿಲು ದಾಟಿದ ಮೇಲಿನ ಮಾರಕ ದರ, ಸಹಜ ಸಾವಿನ ದರ. ತೊಡಕು ಬರುವುದು ಮೊದಲೆರಡರಲ್ಲಿ. ವಿಷ ನಿಧಾನವಾಗಿ ಕೆಲಸ ಮಾಡಿದರೆ ಎರಡೂ ಒಟ್ಟಿಗೆ ಜಾರಿ, ಬೇರೆ ಬೇರೆ ಜೋಡಿಗಳೂ ದತ್ತಾಂಶಕ್ಕೆ ಸರಿಹೊಂದುತ್ತವೆ. ಆಗ ಪ್ರಯೋಗದ ಅವಧಿ ಹೆಚ್ಚಿಸಿ. ಬಿಟ್ಟು ಬಿಟ್ಟು ವಿಷ ಕೊಟ್ಟ ಪ್ರತ್ಯೇಕ ಪ್ರಯೋಗದ ಫಲಿತಾಂಶವನ್ನು ಮಾದರಿ ಮುನ್ನುಡಿಯಬಲ್ಲದೇ ಎಂದು ಪರೀಕ್ಷಿಸಿದ ಮೇಲೆಯೇ ಕೆರೆ, ಹೊಳೆಗಳ ಅಂದಾಜಿಗೆ ಬಳಸಿ.