ಹಿತ್ತಲಿನ ಹೂವು ಪಡಸಾಲೆಗೆ ಬರಲಿ

ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಮಾಳಿಗೆಯ ಕುಂಡದ ಹೂವಿಗೆ ಸಂಜೆಯ ಭರವಸೆ ಇರುವುದಿಲ್ಲ. ಅಲ್ಲೇ ಸುಟ್ಟುಹೋಗಲು ಬಿಡುವ ಬದಲು, ದೇವರ ಪಾಲು ತೆಗೆದಿಟ್ಟು ನಾಲ್ಕು ದಂಟು ಒಳಗೆ ತಂದರೆ ಪಡಸಾಲೆಗೆ ಕಳೆ ಬರುತ್ತದೆ. ನಾಲ್ಕೇ ಸಾಕು. ತಂಬಿಗೆಯಲ್ಲಿ ಹೂವು ತುರುಕಿದರೆ ಮದುವೆ ಮಂಟಪದಂತೆ ಕಾಣುತ್ತದೆ.

ಕೊಯ್ಯುವುದು ಬಿಸಿಲೇರುವ ಮೊದಲು. ರಾತ್ರಿಯ ತಂಪಿಗೆ ದಂಟು ನೀರು ತುಂಬಿಕೊಂಡಿರುತ್ತದೆ. ಮಧ್ಯಾಹ್ನ ಕೊಯ್ದದ್ದು ಒಳಗೆ ಬರುವಷ್ಟರಲ್ಲಿ ಕತ್ತು ಬಾಗಿಸುತ್ತದೆ. ಗುಲಾಬಿಯನ್ನು ಮೊಗ್ಗು ಸಡಿಲವಾದಾಗ, ಸುಗಂಧರಾಜವನ್ನು ಕೆಳಗಿನ ಒಂದೆರಡು ಹೂವು ಬಿರಿದಾಗ ಕೊಯ್ಯಿರಿ. ಚೆಂಡು ಹೂವು ಮಾತ್ರ ಗಿಡದಲ್ಲೇ ಪೂರ್ತಿ ಅರಳಿರಬೇಕು. ದಾಸವಾಳಕ್ಕೆ ಈ ಉಪಚಾರವೇ ಬೇಡ, ನೀರಿನಲ್ಲಿಟ್ಟರೂ ಒಣ ತಟ್ಟೆಯಲ್ಲಿಟ್ಟರೂ ಅದರ ಆಯುಷ್ಯ ಹೆಚ್ಚುಕಡಿಮೆ ಒಂದೇ ದಿನ.

ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಉಗುರಿನಿಂದ ಚಿವುಟಿದರೆ ದಂಟು ಜಜ್ಜಿಹೋಗಿ ನೀರೆಳೆಯುವ ನಾಳ ಮುಚ್ಚುತ್ತದೆ. ಕೂಡಲೇ ಬಕೆಟ್ ನೀರಿನಲ್ಲಿ ಕತ್ತಿನವರೆಗೆ ಇಳಿಬಿಟ್ಟು, ನೆರಳಿನಲ್ಲಿ ಒಂದೆರಡು ತಾಸು ಇಡಿ.

ನಮ್ಮ ಕಡೆ ಹೂವಿನ ನಿಜವಾದ ವೈರಿ ಬಿಸಿಲಿನ ಜೊತೆಗೆ ನೀರು. ಕೊಳವೆಬಾವಿಯ ಸವಳು ನೀರನ್ನು ದಂಟು ಸರಿಯಾಗಿ ಎಳೆಯುವುದಿಲ್ಲ. ಕುಡಿಯುವ ನೀರನ್ನೇ ಹಾಕಿ, ಲೀಟರಿಗೆ ಒಂದು ಸಣ್ಣ ಚಮಚ ಸಕ್ಕರೆ, ಅಷ್ಟೇ ಲಿಂಬೆರಸ ಬೆರೆಸಿ. ಸಕ್ಕರೆ ಹೂವಿಗೆ ಆಹಾರ. ಆದರೆ ಸೂಕ್ಷ್ಮಜೀವಿಗಳಿಗೂ ಅದೇ ಹಬ್ಬ, ಅವು ಬೆಳೆದು ದಂಟಿನ ಬಾಯಿ ಕಟ್ಟಿಬಿಡುತ್ತವೆ. ಲಿಂಬೆಯ ಹುಳಿ ಅವುಗಳ ಆಟ ತಗ್ಗಿಸುತ್ತದೆ. ಇಂಡಿಯಂಥ ಲಿಂಬೆ ಸೀಮೆಯನ್ನು ಜಿಲ್ಲೆಯಲ್ಲೇ ಇಟ್ಟುಕೊಂಡು ಹೂವಿಗೆ ಹಾಕುವ ಪುಡಿಯನ್ನು ದುಡ್ಡು ಕೊಟ್ಟು ತರಿಸುವುದು ನನಗಂತೂ ಸರಿಕಾಣದು. ತಂಬಿಗೆ ಸ್ಟೀಲಿನದಿರಲಿ ಅಥವಾ ಗಾಜಿನ ಭರಣಿ ಇರಲಿ. ಹುಳಿ ನೀರಿಗೆ ತಾಮ್ರ, ಹಿತ್ತಾಳೆ ಕಿಲುಬು ಹಿಡಿಯುತ್ತವೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಸವರಿಬಿಡಿ, ಚೆಂಡು ಹೂವಿನ ಎಲೆ ಕೊಳೆತರೆ ಕೋಣೆಯೆಲ್ಲ ನಾರುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿ, ಪ್ರತಿ ಸಲವೂ ದಂಟಿನ ತುದಿಯನ್ನು ಬೆರಳಗಲ ಕತ್ತರಿಸಿ.

ಸುಗಂಧರಾಜದ ಜೊತೆ ಎರಡು ಕಡ್ಡಿ ಮರುಗ, ಒಂದು ಕಡ್ಡಿ ಕಾಮಕಸ್ತೂರಿ ಸೇರಿಸಿ ನೋಡಿ. ಹೂವಿನ ಘಮ ಕತ್ತಲಾದ ಮೇಲೆ ಏರುತ್ತದೆ, ಎಲೆಯದು ಸೆರಗು ತಾಗಿದಾಗಲೆಲ್ಲ ಏಳುತ್ತದೆ. ಅಡುಗೆಗೆಂದು ಕೊಯ್ದ ಕಾಮಕಸ್ತೂರಿಯನ್ನೂ ಫ್ರಿಜ್‌ಗೆ ಹಾಕಬೇಡಿ, ಚಳಿಗೆ ಎಲೆ ಕಪ್ಪಾಗುತ್ತದೆ. ಲೋಟದ ನೀರೇ ಅದಕ್ಕೆ ಹಿತ. ಪುದೀನಕ್ಕೆ ಬರೀ ನೀರು ಸಾಕು, ಸಕ್ಕರೆ ಬೇಡ. ಕೆಲವು ದಿನಗಳಲ್ಲಿ ಗೆಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ, ಆಗ ಕುಂಡಕ್ಕೆ ಊರಬಹುದು. ದವನ ಒಣಗಿದರೆ ಬಿಸಾಡಬೇಡಿ, ಸೀರೆಗಳ ನಡುವೆ ಇಡಿ.

ತಂಬಿಗೆಯನ್ನು ಫ್ಯಾನಿನ ನೇರ ಗಾಳಿಗೆ ಇಡಬಾರದು. ಹಣ್ಣಾಗುತ್ತಿರುವ ಬಾಳೆ, ಮಾವಿನ ಬುಟ್ಟಿಯ ಹತ್ತಿರವೂ ಬೇಡ. ಅವುಗಳಿಂದ ಹೊಮ್ಮುವ ಎಥಿಲೀನ್ ಅನಿಲಕ್ಕೆ ಹೂವು ಬೇಗ ಉದುರುತ್ತದೆ. ಕಣಗಿಲೆಯನ್ನು ಮಾತ್ರ ಅಡುಗೆಮನೆಗೆ ತರಲೇಬೇಡಿ. ಅದರ ಹೂವು, ಎಲೆ, ದಂಟು, ಅದನ್ನಿಟ್ಟ ನೀರು ಎಲ್ಲವೂ ವಿಷ. ದೇವರಿಗೆ ಏರಿಸಿದ ಮೇಲೆ ಕೈ ತೊಳೆದೇ ಪುದೀನ ಮುಟ್ಟಿ.