ಹಳೆಯ ಟೋಪೋ ಶೀಟಿನಲ್ಲಿ ಊರ ಬದುಕು ಓದುವುದು ಹೇಗೆ?

ಬಯಲುಸೀಮೆಯ ಊರೊಂದರ ಹಿಂದಿನ ಬದುಕು ತಿಳಿಯಲು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ (ಹಾಳೆಯ 2 ಸೆಂ.ಮೀ. ಎಂದರೆ ನೆಲದ 1 ಕಿ.ಮೀ.) ಟೋಪೋ ಶೀಟ್, ಅಂದರೆ ನೆಲದ ಏರುತಗ್ಗು, ದಾರಿ, ಕೆರೆ, ಊರು ತೋರಿಸುವ ನಕ್ಷೆಯ ಹಾಳೆ ಹಿಡಿಯಿರಿ; ಇಂಚಿಗೊಂದು ಮೈಲಿಯ ಹಳೆಯ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು. ಪ್ರತಿ ಹಾಳೆಗೂ ಒಂದು ಸಂಖ್ಯೆ ಇರುತ್ತದೆ: ಬೆಂಗಳೂರಿನ ದಕ್ಷಿಣ ಭಾಗ 57 ಎಚ್/9ರಲ್ಲಿದೆ, ಉತ್ತರ ಭಾಗ 57 ಜಿ/12ರಲ್ಲಿ. ಮೊದಲು ಅಂಚಿನಲ್ಲಿ ಸರ್ವೆ ನಡೆದ ವರ್ಷ ನೋಡಿ. ಮುದ್ರಣದ ವರ್ಷ ಹಿಡಿದರೆ ಕಾಲದ ಲೆಕ್ಕವೇ ತಪ್ಪುತ್ತದೆ.

ಊರ ಹೆಸರುಗಳನ್ನು ಬಿಟ್ಟು ದಾರಿಗಳಿಂದ ಶುರುಮಾಡಿ. ತುಂಡು ತುಂಡಾದ ಕೆಂಪು ಗೆರೆ ಬಂಡಿದಾರಿ, ಚುಕ್ಕಿಸಾಲು ಕಾಲುದಾರಿ. ಐದಾರು ದಾರಿ ಒಂದೇ ಊರಿಗೆ ಬಂದು ಕೂಡಿದರೆ ಅಲ್ಲಿ ಸಂತೆ ಇದೆಯೇ ನೋಡಿ. ಸಂತೆಯ ವಾರವನ್ನು ಹೆಸರಿನ ಹತ್ತಿರ ಕಂಸದಲ್ಲಿ ಬರೆದಿರುತ್ತಾರೆ. 1:50,000 ಹಾಳೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಪ್ರತಿ ಸಂತೆಯ ಸುತ್ತ 16 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದು ನೆಲದ ಮೇಲೆ 8 ಕಿ.ಮೀ., ಅಂದರೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರ. ವೃತ್ತಗಳು ಒಂದರ ಮೇಲೊಂದು ಬಿದ್ದ ಕಡೆ ವಾರಗಳು ಬೇರೆಬೇರೆ ಇದ್ದರೆ, ವ್ಯಾಪಾರಿಗಳು ಸಂತೆಯಿಂದ ಸಂತೆಗೆ ಸುತ್ತುತ್ತಿದ್ದ ಹಾದಿ ಬಹುಮಟ್ಟಿಗೆ ಕೈಗೆ ಸಿಕ್ಕಿತು. ಇಷ್ಟು ತಿಳಿಸುವ ಗುರುತು ನಕ್ಷೆಯಲ್ಲಿ ಇನ್ನೊಂದಿಲ್ಲ.

ಆಮೇಲೆ ಕೆರೆ. ಏರಿಯ ಪಕ್ಕ '6ಆರ್' (6r) ಎಂದಿದ್ದರೆ ಏರಿ ಸುತ್ತಲ ನೆಲಕ್ಕಿಂತ 6 ಮೀಟರ್ ಎತ್ತರ. ಇಂಚಿನ ಹಾಳೆಯಲ್ಲಿ ಇದೇ ಅಂಕಿ ಅಡಿಯಲ್ಲಿರುತ್ತದೆ. ಕೋಡಿಯಿಂದ ಹೊರಟ ಹಳ್ಳವನ್ನು ಬೆರಳಿಟ್ಟು ಹಿಂಬಾಲಿಸಿದರೆ ಕೆಳಗಿನ ಕೆರೆ ಸಿಗುತ್ತದೆ. ಯಾವ ಊರು ಯಾವ ಊರಿನ ನೀರಿಗೆ ಕಾಯುತ್ತಿತ್ತು, ಜಗಳ ಎಲ್ಲಿ ಹುಟ್ಟಬಹುದಿತ್ತು ಎಂಬುದು ಈ ಸರಣಿಯಲ್ಲೇ ಕಾಣುತ್ತದೆ. ಸುತ್ತ ಮನೆಗಳಿಲ್ಲದೆ ಹೊಲದ ನಡುವೆ ಗುಡಿ, ಹಾಳು ಕೋಟೆ, ಬಾವಿ ಒಟ್ಟಿಗೆ ಕಂಡರೆ ಬೇಚಿರಾಕ್ ಗ್ರಾಮ, ಅಂದರೆ ಜನವಸತಿ ಇಲ್ಲದ ಊರು ಇರಬಹುದು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ.

ಗೋಮಾಳ, ಕೇರಿಗಳ ವಿಂಗಡಣೆ, ಮರದಡಿಯ ದೇವರು ಟೋಪೋ ಶೀಟಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಗುರುತಿಲ್ಲ ಎಂದಮಾತ್ರಕ್ಕೆ ಅದು ಇರಲೇ ಇಲ್ಲ ಎಂದು ಬರೆಯಬೇಡಿ, ಊರಿನ ಹಿರಿಯರನ್ನು ಕೇಳಿ.

ಹಾಳೆಯನ್ನು ಕಂಪ್ಯೂಟರಿನಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶಕ್ಕೆ ಹಾಕುವವರು ಮೂಲೆಗಳ ಅಕ್ಷಾಂಶ-ರೇಖಾಂಶವನ್ನು ಹಾಗೇ ಟೈಪ್ ಮಾಡಬಾರದು. ಅಕ್ಷಾಂಶ-ರೇಖಾಂಶದ ಲೆಕ್ಕಕ್ಕೆ ಭೂಮಿಯ ಆಕಾರದ ಒಂದು ಮಾದರಿ ಹಿಡಿಯುತ್ತಾರೆ; ಹಳೆಯ ಹಾಳೆಗಳ ಮಾದರಿ ಎವರೆಸ್ಟ್ ಅಂಡಾಭ, ಜಿಪಿಎಸ್‌ನದು ಡಬ್ಲ್ಯುಜಿಎಸ್84. ಹಾಗೇ ಹಾಕಿದರೆ ಇಡೀ ನಕ್ಷೆ ಒಂದೇ ಕಡೆಗೆ ಸರಿದುಬಿಡುತ್ತದೆ. ಬದಲಿಗೆ ಇಂದಿಗೂ ಅಲ್ಲೇ ಇರುವ ದೇವಸ್ಥಾನ, ರೈಲು ಸೇತುವೆ, ಏರಿಯ ತುದಿ ಹೀಗೆ ಆರೆಂಟು ಬಿಂದುಗಳನ್ನು ಹಾಳೆಯ ನಾಲ್ಕೂ ಕಡೆ ಹರಡಿ ಕೊಡಿ. ರಸ್ತೆಯ ಕೂಡುಗಳನ್ನು ಮಾತ್ರ ನೆಚ್ಚಬೇಡಿ, ಡಾಂಬರು ಹಾಕುವಾಗ ತಿರುವುಗಳನ್ನು ನೇರ ಮಾಡಿರುತ್ತಾರೆ.